ಹರಡಿನ ಮೇಲಿನ ಕಪ್ಪು ಕಲೆ, ತುರಿಕೆ: ಮುಲಾಮು ಹಚ್ಚಿದರೂ ಮತ್ತೆ ಮತ್ತೆ ಬರುವುದೇಕೆ?

ನಿಮ್ಮ ತಂದೆಗೆ 58 ವರ್ಷ, ಹೋಟೆಲ್ ಅಡುಗೆಮನೆಯಲ್ಲಿ ದಿನವಿಡೀ ನಿಂತೇ ಕೆಲಸ, ಸಕ್ಕರೆ ಕಾಯಿಲೆಯೂ ಇದೆ; ಎರಡೂ ಕಾಲಿನ ಒಳಹರಡಿನ (ಪಾದದ ಗಂಟಿನ ಒಳಬದಿಯ) ಮೇಲೆ ಚರ್ಮ ಕಪ್ಪಾಗಿ ತುರಿಸುತ್ತದೆ, ಮುಲಾಮು ಹಚ್ಚಿದರೆ ಹದಿನೈದು ದಿನ ಕಮ್ಮಿಯಾಗಿ ಮತ್ತೆ ಶುರುವಾಗುತ್ತದೆ ಎಂದಿದ್ದೀರಿ. ಸಂಜೆ ಹೊತ್ತಿಗೆ ಬೆರಳಿಂದ ಒತ್ತಿದರೆ ಗುಳಿ ಬೀಳುವ ಊತ, ಮೀನಖಂಡದಲ್ಲಿ ಗಂಟುಗಂಟಾದ ನೀಲಿ ನರಗಳು ಇದ್ದರೆ, ಇದು ಬಹುತೇಕ ಉಬ್ಬಿದ ರಕ್ತನಾಳ, ಅಂದರೆ ವೆರಿಕೋಸ್ ವೇನ್‌ನಿಂದ ಬಂದ ಇಸುಬು. ನಮ್ಮ ಕಡೆ, ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ನಾಳವಾದ ವೇನ್‌ಗೂ ‘ನರ’ ಅಂತಲೇ ಹೇಳುವುದರಿಂದ ಎಷ್ಟೋ ಜನ ನರದ ಮಾತ್ರೆ ನುಂಗುತ್ತಾ ಕೂರುತ್ತಾರೆ. ಅದರಿಂದ ಇದಕ್ಕೆ ಉಪಯೋಗವಿಲ್ಲ.

ಕಾಲಿನ ರಕ್ತವನ್ನು ಮೇಲೆತ್ತುವ ಪಂಪು ಮೀನಖಂಡ. ವೇನ್ ಒಳಗಿನ ಕವಾಟಗಳು ರಕ್ತ ವಾಪಸ್ ಇಳಿಯದಂತೆ ತಡೆಯುತ್ತವೆ. ಸುಮ್ಮನೆ ನಿಂತಾಗ ಹರಡಿನ ಬಳಿ ವೇನ್ ಒತ್ತಡ ಸುಮಾರು 80–90 ಮಿ.ಮೀ. ಪಾದರಸ, ನಡೆಯತೊಡಗಿದರೆ 30ಕ್ಕಿಂತ ಕೆಳಗಿಳಿಯಬೇಕು. ಕವಾಟ ಸಡಿಲವಾದರೆ ನಡೆದರೂ ಅಷ್ಟು ಇಳಿಯುವುದಿಲ್ಲ. ಆ ಒತ್ತಡಕ್ಕೆ ನೀರು, ಕೆಂಪು ರಕ್ತಕಣ ಚರ್ಮದೊಳಕ್ಕೆ ಜಿನುಗುತ್ತವೆ. ಕಣ ಒಡೆದು ಉಳಿದ ಕಬ್ಬಿಣದ ಅಂಶವೇ ಆ ಬಣ್ಣ, ಆದ್ದರಿಂದ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಹೀಗೇ ಬಿಟ್ಟರೆ ಚರ್ಮದಡಿ ಹಲಗೆಯಂತೆ ಗಟ್ಟಿಯಾಗಿ, ಕೊನೆಗೆ ಹುಣ್ಣಾಗುತ್ತದೆ.

ಮುಲಾಮಿನ ಟ್ಯೂಬ್ ತಿರುಗಿಸಿ ಓದಿ. ಸ್ಟೀರಾಯ್ಡ್, ಫಂಗಸ್ ಔಷಧ, ನಿಯೋಮೈಸಿನ್ ಎಂಬ ಆ್ಯಂಟಿಬಯಾಟಿಕ್ ಮೂರೂ ಸೇರಿದ್ದರೆ ಇವತ್ತೇ ನಿಲ್ಲಿಸಿ. ಇಂಥ ಚರ್ಮಕ್ಕೆ ನಿಯೋಮೈಸಿನ್ ಅಲರ್ಜಿ ಬೇಗ ಹತ್ತುತ್ತದೆ. ತಿಂಗಳುಗಟ್ಟಲೆ ಸ್ಟೀರಾಯ್ಡ್ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಅರಿಸಿನ, ಬೇವಿನ ಲೇಪವೂ ಬೇಡ. ಇಸುಬು ಕೆರಳಿದಾಗ ವೈದ್ಯರು ಬರೆದ ಬರಿಯ ಸ್ಟೀರಾಯ್ಡ್ ಮುಲಾಮು ಒಂದೆರಡು ವಾರ ಸಾಕು. ಉಳಿದ ದಿನ ಸ್ನಾನವಾದ ಕೂಡಲೇ ಒಂದು ಸಲ, ರಾತ್ರಿ ಒಂದು ಸಲ ವಾಸನೆಯಿಲ್ಲದ ಪೆಟ್ರೋಲಿಯಂ ಜೆಲ್ಲಿ.

ಇದೆಲ್ಲ ಚರ್ಮಕ್ಕಾಯಿತು, ಒತ್ತಡ ಇಳಿಸುವುದು ಕಂಪ್ರೆಷನ್ ಸ್ಟಾಕಿಂಗ್ಸ್, ಅಂದರೆ ಕಾಲನ್ನು ಒತ್ತಿಹಿಡಿಯುವ ಬಿಗಿ ಕಾಲುಚೀಲ. ಆದರೆ ಸಕ್ಕರೆ ಕಾಯಿಲೆ ಇರುವುದರಿಂದ ನೇರ ಅಂಗಡಿಗೆ ಹೋಗಬೇಡಿ. ಕಾಲಿಗೆ ರಕ್ತ ತರುವ ಧಮನಿಯೂ ಕಟ್ಟಿಕೊಂಡಿದ್ದರೆ ಬಿಗಿ ಸ್ಟಾಕಿಂಗ್ಸ್‌ನಿಂದ ಬೆರಳೇ ಕಪ್ಪಾದೀತು. ಮೊದಲು ಹರಡಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿ ಹೋಲಿಸುವ ಎಬಿಐ ಪರೀಕ್ಷೆ ಮಾಡಿಸಿ. 0.8ಕ್ಕಿಂತ ಕಡಿಮೆ ಬಂದರೆ ವ್ಯಾಸ್ಕುಲರ್ ಸರ್ಜನ್ (ರಕ್ತನಾಳದ ಶಸ್ತ್ರವೈದ್ಯರು) ಹೇಳದೆ ಹಾಕಬಾರದು. 1.3 ದಾಟಿದರೆ ಖುಷಿಪಡಬೇಡಿ: ಧಮನಿ ಗಡುಸಾಗಿ ಲೆಕ್ಕ ತಪ್ಪಿದೆ ಎಂದರ್ಥ, ಆಗ ಕಾಲ್ಬೆರಳಿನ ಒತ್ತಡ ನೋಡಬೇಕು. ಜೊತೆಗೆ ವೇನ್‌ನಲ್ಲಿ ರಕ್ತ ಹರಿಯುವುದನ್ನು ನೋಡುವ ಡಾಪ್ಲರ್ ಸ್ಕ್ಯಾನ್, ಅದನ್ನು ನಿಲ್ಲಿಸಿ ಮಾಡಬೇಕು. ಮಲಗಿಸಿ ಮಾಡಿದರೆ ಕವಾಟದ ಸೋರಿಕೆ ಕಾಣದೆ ಹೋಗಬಹುದು. ದೊಡ್ಡ ವೇನ್ ಸೋರುತ್ತಿದ್ದರೆ ಲೇಸರ್ ಅಥವಾ ರೇಡಿಯೊ ಫ್ರೀಕ್ವೆನ್ಸಿಯಿಂದ ಅದನ್ನು ಮುಚ್ಚುವ ಚಿಕಿತ್ಸೆ ಕೇಳಿ.

ಅಳತೆ ಬೆಳಿಗ್ಗೆ ಊತ ಇಲ್ಲದಾಗಲೇ ಕೊಡಿ: ಹರಡಿನ ಮೇಲೆ ಅತಿ ಸಣ್ಣ ಜಾಗ, ಮೀನಖಂಡದ ಅತಿ ದಪ್ಪ ಜಾಗ, ನೆಲದಿಂದ ಮೊಣಕಾಲ ಕೆಳಗಿನವರೆಗೆ. ಮೊಣಕಾಲವರೆಗಿನದು ಸಾಕು, ಸಾಮಾನ್ಯವಾಗಿ 20–30 ಮಿ.ಮೀ. ಒತ್ತಡದ್ದು ಬರೆಯುತ್ತಾರೆ. ಹಾಸಿಗೆಯಿಂದ ಇಳಿಯುವ ಮೊದಲೇ ಹಾಕಬೇಕು, ರಾತ್ರಿ ತೆಗೆಯಬೇಕು. ಮೇಲಂಚು ಮಡಚಿದರೆ ಅಲ್ಲಿ ಒತ್ತಡ ಹೆಚ್ಚಾಗಿ ದಾರ ಕಟ್ಟಿದಂತಾಗುತ್ತದೆ. ಸುಮಾರು ಆರು ತಿಂಗಳಿಗೆ ಎಲಾಸ್ಟಿಕ್ ಸೋಲುತ್ತದೆ, ಹೊಸದು ಕೊಳ್ಳಿ.

ಒಲೆ ಮುಂದೆ ನಿಂತಾಗ ಅರ್ಧ ಗಂಟೆಗೊಮ್ಮೆ ಇಪ್ಪತ್ತು ಸಲ ಹಿಮ್ಮಡಿ ಎತ್ತಿ ಇಳಿಸಲಿ. ಮನೆಯಲ್ಲಿ ಮಲಗಿ ಕಾಲನ್ನು ಎದೆಗಿಂತ ಮೇಲಿಟ್ಟು 20 ನಿಮಿಷ; ಕುರ್ಚಿಯಲ್ಲಿ ಕೂತು ಸ್ಟೂಲ್ ಮೇಲೆ ಕಾಲಿಟ್ಟರೆ ಅಷ್ಟು ಸಾಲದು. ಬಿಪಿಗೆ ಆಮ್ಲೋಡಿಪಿನ್ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಹೇಳಿ, ಅದರಿಂದಲೂ ಕಾಲು ಊದುತ್ತದೆ.

ಬಣ್ಣ ಪೂರ್ತಿ ಹೋಗುತ್ತದೆಯೇ ಎಂದು ಕೇಳಿದ್ದೀರಿ. ಇಲ್ಲ, ತಿಳಿಯಾಗಬಹುದು ಅಷ್ಟೇ. ತುರಿಕೆ ಮಾತ್ರ ಹತೋಟಿಗೆ ಬರುತ್ತದೆ. ಒಂದೇ ಕಾಲು ದಿಢೀರನೆ ಊದಿ ನೋವಾದರೆ, ಜ್ವರದ ಜೊತೆ ಕೆಂಪು ಹರಡಿದರೆ ಅದೇ ದಿನ ಆಸ್ಪತ್ರೆಗೆ. ಉಬ್ಬಿದ ನರ ಒಡೆದು ರಕ್ತ ಚಿಮ್ಮಿದರೆ ದಾರ ಬಿಗಿಯಬೇಡಿ. ಮಲಗಿಸಿ, ಕಾಲು ಎತ್ತಿ, ಶುದ್ಧ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿಹಿಡಿದು ಆಸ್ಪತ್ರೆಗೆ ಕರೆದೊಯ್ಯಿರಿ.