ಬೆಳಿಗ್ಗೆ ಹತ್ತಕ್ಕೆ ರೇಡಿಯೋ ಹಾಕಿಡಿ

ನಮಸ್ಕಾರ. ನ್ಯೂಯಾರ್ಕಿನ ಪಕ್ಕದ ಜರ್ಸಿ ಸಿಟಿಗೆ ಬಂದು ಮೂರು ತಿಂಗಳಾಯಿತು, ಮನೆಯಿಂದಲೇ ಕೆಲಸ, ವಾಷಿಂಗ್ಟನ್ನಿನ ರಾಜಕೀಯವೆಲ್ಲ ಟಿವಿಯಲ್ಲಿ ತಿಳಿಯುತ್ತದೆ, ಆದರೆ ಇರುವ ಊರಿನ ಸುದ್ದಿಯೇ ತಿಳಿಯುವುದಿಲ್ಲ, ಇದು ನಮ್ಮೂರು ಎನ್ನಿಸುವುದು ಹೇಗೆ ಎಂದು ಕೇಳಿದ್ದೀರಿ. ಇಪ್ಪತ್ತೆರಡು ವರ್ಷಗಳಿಂದ ಇಲ್ಲಿರುವ ನನ್ನ ಸಲಹೆ ಒಂದೇ: ವಾರದ ದಿನಗಳಲ್ಲಿ ಬೆಳಿಗ್ಗೆ ಹತ್ತಕ್ಕೆ ನ್ಯೂಯಾರ್ಕಿನ ಸಾರ್ವಜನಿಕ ರೇಡಿಯೋ ಕೇಂದ್ರ ಡಬ್ಲ್ಯು.ಎನ್.ವೈ.ಸಿ. ಹಾಕಿಡಿ. ಎಫ್‌ಎಂನಲ್ಲಿ 93.9, ಎಎಂನಲ್ಲಿ 820. ಬ್ರಯಾನ್ ಲೆಹ್ರರ್ 1989ರಲ್ಲಿ ಆರಂಭಿಸಿದ ಸಂವಾದ ಕಾರ್ಯಕ್ರಮ ಹನ್ನೆರಡರವರೆಗೆ ಬರುತ್ತದೆ. ಸಮುದಾಯವನ್ನು ಒಡೆಯದೆ ಕಟ್ಟುವ ರೇಡಿಯೋ ಎಂದು ಗುರುತಿಸಿ ಇದಕ್ಕೆ ಪ್ರಸಾರ ಕ್ಷೇತ್ರದ 2007ರ ಪೀಬಾಡಿ ಪ್ರಶಸ್ತಿ ಕೊಟ್ಟಿದ್ದಾರೆ.

ಶಾಲೆಯ ಪ್ರವೇಶ, ಬಾಡಿಗೆ, ಸುರಂಗ ರೈಲು, ಇಲಿಗಳ ಕಾಟ, ಹೀಗೆ ಯಾವ ವಿಷಯವಾದರೂ ಕೇಳುಗರು ಫೋನ್ ಮಾಡಿ ಮಾತನಾಡುತ್ತಾರೆ, ಮತ್ತು ನಿರೂಪಕರು ಪ್ರತಿಯೊಬ್ಬರನ್ನೂ ಅವರ ಹೆಸರು, ಬಡಾವಣೆ ಹೇಳಿಯೇ ಮಾತಿಗೆ ಕರೆಯುತ್ತಾರೆ. ವರ್ಷಗಟ್ಟಲೆ ಕೇಳಿದ ಮೇಲೆ ಫ್ಲಾಟ್‌ಬುಷ್, ಬೇಯೋನ್, ಜಾಕ್ಸನ್ ಹೈಟ್ಸ್ ಎಂದರೆ ನನಗೆ ನಕ್ಷೆಗಿಂತ ಮೊದಲು ದನಿಗಳು ನೆನಪಾಗುತ್ತವೆ. ಇದು ಹೊತ್ತು ಕಳೆಯುವ ಮಾತುಕತೆಯೆಂದು ದಯವಿಟ್ಟು ತಿಳಿಯಬೇಡಿ. 2021ರ ಸೆಪ್ಟೆಂಬರ್ 1ರ ರಾತ್ರಿ ಐಡಾ ಚಂಡಮಾರುತದ ಮಳೆಗೆ ನ್ಯೂಯಾರ್ಕ್ ನಗರದಲ್ಲಿ ತೀರಿಕೊಂಡ 13 ಜನರಲ್ಲಿ 11 ಮಂದಿ ನೆಲಮಾಳಿಗೆಯ ಮನೆಗಳಲ್ಲಿದ್ದವರು. ಹೊಸದಾಗಿ ಬಂದವರು ಕಡಿಮೆ ಬಾಡಿಗೆಗೆ ಹಿಡಿಯುವುದು ಅಂಥ ಮನೆಗಳನ್ನೇ, ನಾನೂ ಮೊದಲ ಎರಡು ವರ್ಷ ಕ್ವೀನ್ಸ್‌ನಲ್ಲಿ ಹಾಗೆಯೇ ಇದ್ದೆ. ಆದ್ದರಿಂದ ಆ ವಿಷಯದ ಚರ್ಚೆಯನ್ನು ನಾನು ಒಂದು ದಿನವೂ ಬಿಡಲಿಲ್ಲ.

ನಾನೇ ಫೋನ್ ಮಾಡಿದ್ದು ಒಮ್ಮೆ ಮಾತ್ರ. ವಾಹನ ದಟ್ಟಣೆ ತಗ್ಗಿಸಲೆಂದು 2025ರ ಜನವರಿ 5ರಿಂದ ನ್ಯೂಯಾರ್ಕ್ ನಗರದ ಮ್ಯಾನ್‌ಹ್ಯಾಟನ್ನಿನ 60ನೇ ಬೀದಿಯ ದಕ್ಷಿಣಕ್ಕೆ ಹಗಲಿನಲ್ಲಿ ಕಾರು ತಂದರೆ 9 ಡಾಲರ್ ಶುಲ್ಕ ಬಂತಲ್ಲ, ನಮ್ಮ ನ್ಯೂಜರ್ಸಿ ಸರ್ಕಾರ ಅದರ ವಿರುದ್ಧ ನ್ಯಾಯಾಲಯಕ್ಕೂ ಹೋಗಿತ್ತು. ಅತ್ತೆಯವರನ್ನು ತಿಂಗಳಿಗೆರಡು ಸಲ ಚಿಕಿತ್ಸೆಗೆಂದು ಅಲ್ಲಿಗೆ ಕರೆದೊಯ್ಯುತ್ತಿದ್ದ ನನಗೆ ಅದು ಅನ್ಯಾಯವೆನ್ನಿಸಿತ್ತು. ಫೋನೆತ್ತಿಕೊಂಡ ಹುಡುಗಿ ಹೆಸರು, ಊರು ಕೇಳಿ, ಹೇಳಬೇಕೆಂದಿರುವುದನ್ನು ಎರಡು ವಾಕ್ಯದಲ್ಲಿ ಹೇಳಿಸಿಕೊಂಡು, ಕಾಯುವಂತೆ ಹೇಳಿದಳು. ಒಲೆಯ ಮೇಲಿದ್ದ ಕುಕ್ಕರ್ ಇನ್ನೇನು ಸೀಟಿ ಹೊಡೆಯುವುದರಲ್ಲಿತ್ತು, ಉರಿ ಆರಿಸಿ ಹನ್ನೊಂದು ನಿಮಿಷ ಕಾದೆ. ನನ್ನ ಮಾತು ಒಂದು ನಿಮಿಷಕ್ಕಿಂತ ಹೆಚ್ಚಿರಲಿಲ್ಲ. ನಂತರ ಮಾತನಾಡಿದ್ದು ನಾವು ಮ್ಯಾನ್‌ಹ್ಯಾಟನ್ನಿಗೆ ಹೋಗುವ ಸುರಂಗ ರಸ್ತೆಯ ಬಾಯಿಯ ಬಳಿ ವಾಸಿಸುವ ಒಬ್ಬ ತಾಯಿ. ಮಗನಿಗೆ ಉಬ್ಬಸವಿರುವುದರಿಂದ ಬೇಸಿಗೆಯಲ್ಲೂ ಕಿಟಕಿ ತೆರೆಯಲಾಗುತ್ತಿರಲಿಲ್ಲ, ಈಗ ಬೆಳಿಗ್ಗೆ ಸ್ವಲ್ಪ ಹೊತ್ತು ತೆರೆಯುತ್ತೇನೆ ಎಂದರು. ಶುಲ್ಕದ ಬಗ್ಗೆ ನನ್ನ ಆಕ್ಷೇಪ ಇಂದಿಗೂ ಪೂರ್ತಿ ಹೋಗಿಲ್ಲ, ಆದರೆ ಆ ಸುರಂಗದಿಂದ ಕಾರು ಹೊರಬರುವಾಗಲೆಲ್ಲ ಅಲ್ಲಿನ ಕಿಟಕಿಗಳ ಕಡೆ ನೋಡುತ್ತೇನೆ.

ನಾನು ಮೈಸೂರಿನವನು. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಆಕಾಶವಾಣಿಯನ್ನು ಆರಂಭಿಸಿದ ಊರಿನಿಂದ ಬಂದವನಿಗೆ ಜನರೇ ನಡೆಸುವ ರೇಡಿಯೋ ಹೊಸದೆನ್ನಿಸಲಿಲ್ಲ. ಡಬ್ಲ್ಯು.ಎನ್.ವೈ.ಸಿ.ಯನ್ನು 1924ರಲ್ಲಿ ನಗರಾಡಳಿತವೇ ಆರಂಭಿಸಿತ್ತು, 1990ರ ದಶಕದಲ್ಲಿ ಅದು ನಗರದ ಕೈಬಿಟ್ಟು ಸ್ವತಂತ್ರವಾಯಿತು. ಸಾರ್ವಜನಿಕ ಪ್ರಸಾರಕ್ಕೆ ಮೀಸಲಾಗಿದ್ದ ಸುಮಾರು 110 ಕೋಟಿ ಡಾಲರ್ ಅನುದಾನವನ್ನು ಅಮೆರಿಕದ ಸಂಸತ್ತು 2025ರ ಜುಲೈನಲ್ಲಿ ಹಿಂತೆಗೆದುಕೊಂಡ ಮೇಲೆ ಇಂಥ ಕೇಂದ್ರಗಳಿಗೆ ಕೇಳುಗರ ವಂತಿಗೆಯೇ ಇನ್ನೂ ದೊಡ್ಡ ಆಸರೆ. ನಿಧಿ ಸಂಗ್ರಹದ ದಿನಗಳಲ್ಲಿ ಪದೇಪದೇ ಹಣ ಕೇಳುತ್ತಾರೆ, ಬೇಸರಪಡಬೇಡಿ. ಕೊಡಲೇಬೇಕೆಂಬ ಕಟ್ಟಳೆಯಿಲ್ಲ, ಆದಾಗ ಕೊಟ್ಟರೆ ಸಾಕು.

ಮೊದಲ ಒಂದು ತಿಂಗಳು ಸುಮ್ಮನೆ ಕೇಳಿ. ಆಮೇಲೆ ನಿಮ್ಮ ಬೀದಿಯ ವಿಷಯ ಬಂದ ದಿನ ಫೋನ್ ಮಾಡಿ. ನಿಮ್ಮ ಸರದಿ ಬಂದಾಗ ಮನೆಯ ರೇಡಿಯೋ ಆರಿಸಿರಿ, ಏಕೆಂದರೆ ಅದರಲ್ಲಿ ದನಿ ಕೆಲವು ಸೆಕೆಂಡು ತಡವಾಗಿ ಬರುವುದರಿಂದ ಮಾತು ತಪ್ಪಿಹೋಗುತ್ತದೆ.