ಐರಿಶ್ ಪೈಪ್ಸ್ ಮತ್ತು ಬರೋಕ್ ಚೇಂಬರ್ ಮೇಳ ಎರಡನ್ನೂ ಒಂದೇ ಕಛೇರಿಯಲ್ಲಿ ಬೆರೆಸುವುದು ಹೇಗೆ?

ಇದೇ ಆಸೆಯಿಂದ ನಾನೂ ಡಬ್ಲಿನ್‌ನಲ್ಲಿ ಒಂದು ಕಛೇರಿ ಕಟ್ಟಿದ್ದೆ. ಮೊದಲರ್ಧ ಇಟಲಿಯ ಬರೋಕ್ ಕಾಲದ ರಚನಕಾರ ಕೊರೆಲ್ಲಿಯ ಕೃತಿಗಳು, ಎರಡನೆಯ ಅರ್ಧ ಐರಿಶ್ ಧಾಟಿಗಳು. ಹಾರ್ಪ್ಸಿಕಾರ್ಡ್ (ತಂತಿ ಮೀಟುವ ಹಳೆಯ ಕೀಬೋರ್ಡ್ ವಾದ್ಯ) ನನ್ನದು, ಜೊತೆಗೆ ಪಿಟೀಲು, ಚೆಲ್ಲೊ, ಇಲಿಯನ್ ಪೈಪ್ಸ್ (ತಿದಿಯಿಂದ ಗಾಳಿ ತುಂಬುವ ಐರಿಶ್ ಪೈಪ್ಸ್). ಎರಡನೆಯ ಅರ್ಧ ಹಾಳಾಯಿತು, ನನ್ನಿಂದಲೇ.

ಬರೋಕ್ ಮೇಳದವರು ಈಗ ಸಾಮಾನ್ಯವಾಗಿ ‘ಎ’ ಸ್ವರವನ್ನು 415 ಹರ್ಟ್ಸ್‌ಗೆ ಇಡುತ್ತಾರೆ. ಪೈಪ್ಸ್ ಇದ್ದದ್ದು 440ಕ್ಕೆ, ಹೆಚ್ಚುಕಡಿಮೆ ಅರ್ಧ ಸ್ವರ ಮೇಲೆ. ತಂತಿವಾದ್ಯದಂತೆ ಬಿರಡೆ ತಿರುಗಿಸಿ ಅದರ ಶ್ರುತಿ ಇಳಿಸಲಾಗದು. ನನ್ನ ಹಾರ್ಪ್ಸಿಕಾರ್ಡಿನ ಕೀಬೋರ್ಡು ಒಂದು ಮನೆ ಪಕ್ಕಕ್ಕೆ ಸರಿಯುವಂಥದ್ದು. ವಿರಾಮದಲ್ಲಿ ಸರಿಸಿದೆ, ಹೆಚ್ಚುಕಡಿಮೆ 440 ಸಿಕ್ಕಿತು, ಸಾಕೆಂದುಕೊಂಡೆ. ಆದರೆ ಶ್ರುತಿ ಮಾಡಿದ್ದು ಕ್ವಾರ್ಟರ್-ಕಾಮಾ ಮೀನ್‌ಟೋನ್ ಎಂಬ ಹಳೆಯ ಪದ್ಧತಿಯಲ್ಲಿ. ಅದರಲ್ಲಿ ಹನ್ನೆರಡು ಮನೆಗಳು ಸಮ ಅಂತರದಲ್ಲಿರುವುದಿಲ್ಲ. ಜಿ ಶಾರ್ಪ್‌ನಿಂದ ಇ ಫ್ಲಾಟ್‌ವರೆಗಿನ ಪಂಚಮ ಕಿವಿ ಹರಿಯುವಷ್ಟು ಅಪಸ್ವರ. ಮೊದಲರ್ಧದಲ್ಲಿ ಆ ಜಾಗ ಮುಟ್ಟಿರಲೇ ಇಲ್ಲ. ಕೀಬೋರ್ಡು ಸರಿಸಿದ ಮೇಲೆ ‘ಜಿ’ ಮನೆ ಒತ್ತಿದರೆ ಮೀಟುವುದು ಜಿ ಶಾರ್ಪ್ ತಂತಿ, ‘ಡಿ’ ಒತ್ತಿದರೆ ಇ ಫ್ಲಾಟ್ ತಂತಿ! ಧಾಟಿಗಳೆಲ್ಲ ಡಿ ಮೇಜರ್. ಡಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಸೊಗಸಾಗಿತ್ತು, ಎ ಕಾರ್ಡೂ ಸರಿ. ಜಿ, ಡಿ ಎರಡೂ ಸೇರುವ ಜಿ ಕಾರ್ಡ್ ಬಂದಾಗಲೆಲ್ಲ ಕಿರುಚಾಟ. ಜಿ ಕಾರ್ಡ್ ಬಾರದ ಧಾಟಿ ನಮ್ಮ ಪಟ್ಟಿಯಲ್ಲಿರಲಿಲ್ಲ. ವಿರಾಮ ಹತ್ತು ನಿಮಿಷ ಹೆಚ್ಚಿಸಿ ಆ ತಂತಿಗಳನ್ನು ಮತ್ತೆ ಶ್ರುತಿ ಮಾಡಿದ್ದರೆ ಆಗುತ್ತಿತ್ತು. ನಮ್ಮನ್ನು ಕರೆಸಿದವರು ಮತ್ತೆ ಕರೆಯಲಿಲ್ಲ.

‘ಎರಡು ಬೇರೆ ಲೋಕಗಳನ್ನು ಬೆಸೆಯಬೇಕು, ಧಾಟಿಗಳಿಗೆ ನಾಲ್ಕು ಭಾಗಗಳ ಹಾರ್ಮನಿ ಬರೆಸಲೇ’ ಎಂದಿದ್ದೀರಿ. ಬೇಡ. ಹದಿನೆಂಟನೆಯ ಶತಮಾನದಲ್ಲಿ ಅವು ಅಷ್ಟು ಬೇರೆಯಾಗಿರಲೇ ಇಲ್ಲ. ಕುರುಡ ಹಾರ್ಪ್ ವಾದಕ ಟರ್ಲೋ ಕೆರೊಲಾನ್ (1670–1738) ರಚನೆಗಳಲ್ಲಿ ಇಟಲಿಯ ವರಸೆಗಳು ಎದ್ದು ಕಾಣುತ್ತವೆ. ಸ್ಕಾಟ್ಲೆಂಡಿನಲ್ಲಿ ನೀಲ್ ಗೌ ಪಿಟೀಲಿಗೆ ಅವನ ಸೋದರ ಡೊನಾಲ್ಡ್ ಚೆಲ್ಲೊದಲ್ಲಿ ಬಾಸ್ (ಕೆಳಸ್ವರದ ಆಧಾರ) ಕೊಡುತ್ತಿದ್ದ, ಅದೂ ಕುಣಿತಕ್ಕೆ. ಧಾಟಿ, ಬಾಸ್, ಇಷ್ಟೇ ಸಾಕು. ಉಳಿದದ್ದು ಹಾರ್ಪ್ಸಿಕಾರ್ಡಿನವರ ಕೈಗೆ ಬಿಡಿ. ಬಾಸ್ ನೋಡಿ ಕಾರ್ಡ್ ತುಂಬುವುದೇ ಅವರ ಕಸುಬು. ಪೈಪ್ಸ್‌ನವರ ಮುಂದೆ ಗಮಕಗಳನ್ನೆಲ್ಲ ಬರೆದ ಹಾಳೆ ಇಡುವುದಂತೂ ಅವರ ವಿದ್ಯೆಗೆ ಮಾಡುವ ಅವಮಾನ.

ಮೇಳ 415ರಲ್ಲೇ ಇರಬೇಕೆಂದರೆ ಸಿ ಶಾರ್ಪ್ ಸೆಟ್ (ಡಿ ಬದಲು ಅರ್ಧ ಸ್ವರ ಕೆಳಗಿನ ಸಿ ಶಾರ್ಪ್ ಆಧಾರವಾಗಿರುವ ಪೈಪ್ಸ್) ಇರುವ ವಾದಕರನ್ನು ಹುಡುಕಿ. ಅದರ ಆಧಾರ ಸ್ವರ ನಿಮ್ಮ ‘ಡಿ’ಗೆ ಸರಿಯಾಗಿ ಕೂಡುತ್ತದೆ, ಯಾರೂ ಏನನ್ನೂ ಸರಿಸಬೇಕಿಲ್ಲ. ಸಿಗದಿದ್ದರೆ ಇಡೀ ಕಛೇರಿ 440ಕ್ಕೇ ಇರಲಿ, ಕೊರೆಲ್ಲಿಯೂ ಸೇರಿ.