ಜಕ್ಕಾಯ ದುಡ್ಡು ವಾಪಸ್ ಕೊಟ್ಟನಾ?

ಈ ಪ್ರಕರಣ ಬರೆಯುವ ಮುಂಚೆ ಅಣ್ಣನನ್ನೂ ಕೇಳಿದೆ, ತಂಗಿಯನ್ನೂ ಕೇಳಿದೆ. ಇಬ್ಬರೂ ಬರೆಯಿರಿ ಅಂದರು. ಊರು, ಕೆಲಸ, ವಯಸ್ಸು, ದುಡ್ಡಿನ ಲೆಕ್ಕ ಎಲ್ಲ ಬದಲಾಯಿಸಿದ್ದೇನೆ. ನಡೆದ ವಿಷಯ ಮಾತ್ರ ಹಾಗೇ ಇದೆ.

ನನ್ನ ಹತ್ತಿರ ಸಲಹೆಗೆ ಬಂದ ಆ ಅಣ್ಣನಿಗೆ ಐವತ್ತರ ಆಸುಪಾಸು. ಉತ್ತರ ಕರ್ನಾಟಕದ ಒಂದು ಹಳೆಯ ಕ್ರೈಸ್ತ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಹಿರಿಯರು. ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಪಾದ್ರಿಗಳ ಕಾಲದಿಂದ ಇರುವ ಸಭೆ ಅದು. ಭಾನುವಾರ ಸಂಡೇ ಸ್ಕೂಲ್ ನಡೆಸುತ್ತಾರೆ, ಬುಧವಾರ ಮನೆಯಲ್ಲಿ ಪ್ರಾರ್ಥನೆಯ ಕೂಟ, ದಿನಾ ಬೆಳಿಗ್ಗೆ ಐದೂವರೆಗೆ ಎದ್ದು ಸತ್ಯವೇದದಿಂದ, ಅಂದರೆ ಬೈಬಲ್‌ನಿಂದ, ಒಂದು ವಚನ ಆರಿಸಿ, ಕೆಳಗೆ ಎರಡು ಸಾಲು ವಿವರಣೆ ಬರೆದು, ಪರಿಚಯದವರಿಗೆಲ್ಲ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಎಂಟು ವರ್ಷದಿಂದ ಒಂದು ದಿನವೂ ತಪ್ಪಿಸಿಲ್ಲ.

"ಅಕ್ಕಾರ, ಸತ್ಯವೇದ ತೆಗದ್ರ ಏನೂ ಅನ್ಸಂಗಿಲ್ರಿ. ಬರೇ ಅಕ್ಷರ ಕಾಣ್ತಾವ. ಪ್ರಾರ್ಥನಾ ಮಾಡಾಕ ಕುಂತ್ರ ಬಾಯಿ ಒಣಗ್ತೈತಿ."

ಐದು ತಿಂಗಳಿಂದ ಹೀಗೇ ಅಂದರು.

ಇಂಥ ಮಾತು ಕೇಳಿದ ತಕ್ಷಣ "ಎಲ್ಲೋ ಪಾಪ ಬಚ್ಚಿಟ್ಟಿದ್ದೀರಿ" ಅಂತ ಹುಡುಕಲು ಹೊರಡುವವರು ನಮ್ಮ ಸಭೆಗಳಲ್ಲಿ ಬಹಳ ಜನ ಇದ್ದಾರೆ. ಸತ್ಯವೇದದಲ್ಲಿ ಯೋಬ ಕಷ್ಟಕ್ಕೆ ಬಿದ್ದಾಗ ಅವನ ಗೆಳೆಯರು ಮಾಡಿದ್ದೂ ಅದೇ ಅಲ್ವಾ? ಕೊನೆಗೆ ದೇವರ ಸಿಟ್ಟಿಗೆ ಗುರಿಯಾದವರು ಆ ಗೆಳೆಯರೇ. ಪ್ರಾರ್ಥನೆ ಒಣಗಿದ ಹಾಗೆ ಅನ್ನಿಸಲು ನೂರು ಕಾರಣ ಇರುತ್ತವೆ. ಖಿನ್ನತೆ ಇರಬಹುದು, ಥೈರಾಯ್ಡ್ ಇರಬಹುದು, ಸುಮ್ನೆ ದಣಿವು ಇರಬಹುದು. ಹಾಗಾಗಿ ಮೊದಲು ನಿದ್ದೆ, ಹಸಿವು, ಸಾಯುವ ಯೋಚನೆ ಬರುತ್ತದೆಯಾ, ಇವನ್ನೆಲ್ಲ ನೇರವಾಗಿ ಕೇಳಿದೆ. ಡಾಕ್ಟರ್ ಹತ್ತಿರ ಕಳಿಸಿದೆ. ರಕ್ತದ ರಿಪೋರ್ಟ್ ಸರಿಯಾಗಿತ್ತು. ನಿದ್ದೆ ಮಾತ್ರ ಬೆಳಗಿನ ಜಾವ ಮೂರಕ್ಕೆ ಒಡೆಯುತ್ತಿತ್ತು.

ಆಮೇಲೆ ನಾನು ಒಂದು ತಪ್ಪು ಮಾಡಿದೆ. ಓದುವ ಕ್ರಮ ಬದಲಾಯಿಸಿ ಅಂದೆ. ದಿನಕ್ಕೆ ಸತ್ಯವೇದದ ಒಂದೇ ಕೀರ್ತನೆ, ಗಟ್ಟಿಯಾಗಿ ಓದಿ, ಒಂದು ಸಾಲು ಬರೆದಿಡಿ, ಹೀಗೆ. ಅವರು ಹೇಳಿದ್ದೆಲ್ಲ ಮಾಡಿದರು, ನೋಟ್‌ಬುಕ್ ತಂದು ತೋರಿಸಿದರು, ಅಕ್ಷರ ಮುತ್ತಿನ ಹಾಗೆ ಇತ್ತು. ಏನೂ ಬದಲಾಗಿರಲಿಲ್ಲ. ಓದು ಕಡಿಮೆಯಾಗಿ ಬಂದ ತೊಂದರೆ ಆಗಿದ್ದರೆ ತಾನೇ ಓದಿನಿಂದ ಹೋಗುವುದು? ಯಾವಾಗ ಶುರುವಾಯಿತು ಅಂತ ಕೇಳಿದ್ದೆ. ಅವತ್ತು ಏನಾಯಿತು ಅಂತ ಕೇಳಿರಲಿಲ್ಲ.

ಮೂರನೇ ಸಲ ಬಂದಾಗ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಸಂಡೇ ಸ್ಕೂಲಿನ ಒಂದು ಭಾನುವಾರದ ಬಗ್ಗೆ ಹೇಳಿದರು.

ಅವತ್ತು ಪಾಠ ಜಕ್ಕಾಯನದು. ಲೂಕನ ಸುವಾರ್ತೆಯ 19ನೇ ಅಧ್ಯಾಯ. ಮಕ್ಕಳಿಗೆ ಇಷ್ಟದ ಕಥೆ, ಸುಂಕ ವಸೂಲಿ ಮಾಡುವ ಗಿಡ್ಡ ಮನುಷ್ಯ, ಯೇಸು ಸ್ವಾಮಿಯನ್ನು ನೋಡಲು ಮರ ಹತ್ತುತ್ತಾನೆ. ಇವರು ಚೆನ್ನಾಗಿಯೇ ಹೇಳಿದರಂತೆ. ಬಡವರಿಗೆ ಅರ್ಧ ಆಸ್ತಿ ಕೊಡುತ್ತೇನೆ, ಅನ್ಯಾಯವಾಗಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಅಂದ, ಯೇಸು ಸ್ವಾಮಿ ಈ ಮನೆಗೆ ಈವತ್ತು ರಕ್ಷಣೆ ಬಂತು ಅಂದರು, ಅಂತ ಮುಗಿಸಿದ್ದಾರೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ.

"ಸರ್, ಜಕ್ಕಾಯ ಆಮ್ಯಾಲೆ ಖರೇನ ರೊಕ್ಕ ವಾಪಸ್ ಕೊಟ್ನೇನ್ರಿ?"

ಹುಡುಗನ ಪ್ರಶ್ನೆ ಸರಿಯಾಗಿಯೇ ಇದೆ. ಜಕ್ಕಾಯ ಕೊಡುತ್ತೇನೆ ಅಂದ ಮಾತು ಸತ್ಯವೇದದಲ್ಲಿದೆ. ಕೊಟ್ಟ ದಿನದ ಬಗ್ಗೆ ಏನೂ ಬರೆದಿಲ್ಲ. ಇವರಿಗೆ ಉತ್ತರ ಬರಲಿಲ್ಲ. ಬೆಲ್ ಹೊಡೆಯಿತು ಅಂತ ಹೇಳಿ ಮಕ್ಕಳನ್ನು ಕಳಿಸಿಬಿಟ್ಟರಂತೆ, ಇನ್ನೂ ಹತ್ತು ನಿಮಿಷ ಇತ್ತಂತೆ.

ಅಷ್ಟು ಹೇಳಿ ಅಳಲು ಶುರು ಮಾಡಿದರು.

ವಿಷಯ ಹೀಗಿತ್ತು. ಅಪ್ಪ ಏಳು ವರ್ಷದ ಹಿಂದೆ ತೀರಿಕೊಂಡರು. ಅವ್ವ ಅದಕ್ಕೂ ಮುಂಚೆಯೇ ಹೋಗಿದ್ದರು. ಊರಲ್ಲಿ ಒಂದು ಮನೆ, ಕೆಳಗೆ ಒಂದು ಅಂಗಡಿ ಬಾಡಿಗೆಗೆ. ಮಕ್ಕಳು ಇಬ್ಬರೇ, ಇವರು ಮತ್ತು ಒಬ್ಬ ತಂಗಿ. ಅಪ್ಪ ವಿಲ್ ಬರೆದಿರಲಿಲ್ಲ. ಮಣ್ಣು ಮಾಡಿ ಎರಡು ತಿಂಗಳಿಗೆ ಇವರು ತಂಗಿಗೆ ಫೋನ್ ಮಾಡಿ, "ಖಾತೆ ಬದಲಾಯಿಸಾಕ ನಿಂದೊಂದು ಸಹಿ ಬೇಕಾಗೈತಿ ಬಾರವ್ವ" ಅಂದರು. ಅವಳು ಬಸ್ಸು ಹತ್ತಿ ಬಂದಳು. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಹಾಕಿದಳು, ಹೆಬ್ಬೆಟ್ಟು ಕೊಟ್ಟಳು, ಅಣ್ಣ ಕೊಡಿಸಿದ ಊಟ ಮಾಡಿ ಸಂಜೆ ಬಸ್ಸಿಗೆ ವಾಪಸ್ ಹೋದಳು. ಅವಳು ಸಹಿ ಹಾಕಿದ್ದು ಹಕ್ಕು ಬಿಡುಗಡೆ ಪತ್ರಕ್ಕೆ.

"ನಾ ಆಕೀಗೆ ಓದಬ್ಯಾಡ ಅಂದಿಲ್ರಿ" ಅಂದರು.

"ಅಣ್ಣಾರ, ಖಾತೆಗೆ ಸಹಿ ಅಂತ ನೀವು ಹೇಳಿದ್ದು ಖರೇನೋ ಸುಳ್ಳೋ?" ಅಂದೆ.

ಉತ್ತರದ ಬದಲು ವಚನಗಳು ಬಂದವು. ಇಷ್ಟು ವರ್ಷ ಸತ್ಯವೇದ ಓದಿದವರು, ವಾದಕ್ಕೆ ವಚನ ಕಡಿಮೆ ಬೀಳುವುದಿಲ್ಲ. ಮೊದಲು ಲೂಕ 12 ತೆಗೆದರು. ಒಬ್ಬ ಬಂದು ನಮ್ಮಣ್ಣನಿಗೆ ಹೇಳಿ ಪಾಲು ಕೊಡಿಸಿ ಅಂದಾಗ ಯೇಸು ಸ್ವಾಮಿಯೇ ಅದು ನನ್ನ ಕೆಲಸವಲ್ಲ ಅಂದರಲ್ಲ, ಅಂದಮೇಲೆ ಆಸ್ತಿ ವಿಷಯ ದೇವರ ಮುಂದೆ ಅಷ್ಟು ದೊಡ್ಡದೇನಲ್ಲ ಅಂತ ಅವರ ವಾದ. ಮುಂದಿನ ವಚನ ಓದಿ ಅಂದೆ. 15ನೇ ವಚನ. ಎಲ್ಲಾ ಥರದ ಲೋಭದ ಬಗ್ಗೆ ಎಚ್ಚರವಾಗಿರಿ ಅಂತ ಅಲ್ಲೇ ಇದೆ. ಓದಿದರು, ಪುಟ ತಿರುಗಿಸಿದರು.

ಆಮೇಲೆ ಸತ್ಯವೇದದ ಅರಣ್ಯಕಾಂಡ 27. ಚಲ್ಪಹಾದನ ಐದು ಹೆಣ್ಣುಮಕ್ಕಳಿಗೆ ಪಾಲು ಸಿಕ್ಕಿದ್ದು ಅವರಿಗೆ ಅಣ್ಣತಮ್ಮಂದಿರು ಇರಲಿಲ್ಲ ಅಂತ, ಇದ್ದಿದ್ದರೆ ಸಿಗುತ್ತಿರಲಿಲ್ಲ ಅಂದರು. ಅದು ನಿಜ. ನಾನು ಒಪ್ಪಿಕೊಂಡೆ. ಯೋಬ 42:15ರಲ್ಲಿ ಯೋಬ ತನ್ನ ಹೆಣ್ಣುಮಕ್ಕಳಿಗೆ ಅಣ್ಣತಮ್ಮಂದಿರ ಜೊತೆಗೇ ಪಾಲು ಕೊಟ್ಟ ಅಂತ ಇದೆ, ಅದನ್ನೂ ಹೇಳಿದೆ. ಆದರೆ ಅವತ್ತು ನಮ್ಮ ಮುಂದೆ ಇದ್ದ ಪ್ರಶ್ನೆ ಇಸ್ರಾಯೇಲ್ಯರ ಪಾಲಿನ ನಿಯಮ ಅಲ್ಲವೇ ಅಲ್ಲ. ಆಸ್ತಿ ಇರುವುದು ಕರ್ನಾಟಕದಲ್ಲಿ. ವಿಲ್ ಇಲ್ಲದೆ ಸತ್ತ ಕ್ರೈಸ್ತರ ಆಸ್ತಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಇದೆ. ಹೆಂಡತಿ ಇದ್ದರೆ ಅವಳಿಗೆ ಮೂರರಲ್ಲಿ ಒಂದು ಭಾಗ, ಉಳಿದದ್ದು ಮಕ್ಕಳಿಗೆ ಸಮಪಾಲು, ಗಂಡು ಹೆಣ್ಣು ಅನ್ನೋ ಭೇದ ಇಲ್ಲ. ಅವ್ವ ಇರಲಿಲ್ಲ, ಹಾಗಾಗಿ ಅಣ್ಣನಿಗೆ ಅರ್ಧ, ತಂಗಿಗೆ ಅರ್ಧ. ಇದು ಇವರಿಗೆ ಗೊತ್ತಿತ್ತು. ಗೊತ್ತಿದ್ದೇ ಸಹಿ ತೆಗೆದುಕೊಂಡದ್ದು.

ಮದುವೆಗೆ ಬಂಗಾರ ಹಾಕಿದ್ದೇವೆ, ಅಲ್ಲಿಗೆ ಮುಗಿಯಿತು ಅನ್ನುವ ಮಾತು ನಮ್ಮ ಕ್ರೈಸ್ತ ಮನೆಗಳಲ್ಲೂ ಎಷ್ಟು ಸಲೀಸಾಗಿ ಓಡಾಡುತ್ತದೆ ಅಂದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ತಂಗಿ ತಿಳಿದು, ಮನಸ್ಸಿನಿಂದ ಬಿಟ್ಟುಕೊಟ್ಟರೆ ಅದು ಬೇರೆ. ಇಲ್ಲಿ ಅವಳಿಗೆ ಕೇಳಲೇ ಇಲ್ಲ.

ಯಾಜಕಕಾಂಡ 6ನೇ ಅಧ್ಯಾಯದ ಮೊದಲ ಐದು ವಚನ ಓದೋಣ ಅಂದೆ. ಅವರು ಪುಸ್ತಕ ಮುಚ್ಚಿದರು.

"ಅದು ನನಗ ಬಾಯಿಪಾಠ ಐತ್ರಿ ಅಕ್ಕಾರ. ವರ್ಷಾ ಬರ್ತೈತಿ. ದಿನಾ ಓದೋ ಪಟ್ಟಿಯೊಳಗ ಆ ಭಾಗ ಬಂದ್ರ ನಾ ಏಳನೇ ಅಧ್ಯಾಯದಿಂದ ಓದ್ತೀನಿ."

ಮೋಸದಿಂದ ನೆರೆಯವನ ಸೊತ್ತು ಇಟ್ಟುಕೊಂಡವನು ಅದನ್ನು ಪೂರ್ತಿ ತಿರುಗಿ ಕೊಟ್ಟು, ಮೇಲೆ ಐದನೇ ಒಂದು ಪಾಲು ಸೇರಿಸಿ, ಯಾರದ್ದೋ ಅವರಿಗೇ ಕೊಡಬೇಕು ಅನ್ನುವ ಭಾಗ ಅದು. ಏಳು ವರ್ಷ ಇವರು ಇಡೀ ಸತ್ಯವೇದ ಓದಿದ್ದಾರೆ, ಆ ಒಂದು ಪುಟ ದಾಟಿಕೊಂಡು. ದಾಟಿದ ಪುಟವೇ ಅವರಿಗೆ ಬಂದ ಕಾಗದವಾಗಿತ್ತು. ಸತ್ಯವೇದದ ಯಾಕೋಬನ ಪತ್ರಿಕೆಯಲ್ಲಿ ಕನ್ನಡಿ ನೋಡಿ ತನ್ನ ಮುಖ ಮರೆತು ಹೋಗುವವನ ಮಾತಿದೆ. ಇವರು ಮರೆತಿರಲಿಲ್ಲ, ಕನ್ನಡಿಯ ಆ ಮೂಲೆಗೆ ಬಟ್ಟೆ ಹಾಕಿದ್ದರು. ಕೀರ್ತನೆ 32 ತೆಗೆದು ಅವರ ಮುಂದೆ ಇಟ್ಟೆ. ನಾನು ಬಾಯಿ ಬಿಡದೆ ಇದ್ದಾಗ ಎಲುಬು ಸವೆದವು, ಬೇಸಿಗೆಯಲ್ಲಿ ಒಣಗಿದ ಹಾಗೆ ನನ್ನ ಸಾರವೆಲ್ಲ ಬತ್ತಿತು ಅಂತ ಇರುವ ಜಾಗ. ಮೊದಲ ದಿನ "ಬಾಯಿ ಒಣಗ್ತೈತಿ" ಅಂದಿದ್ದರಲ್ಲ, ಅದು ಅವರಿಗೂ ನೆನಪಾಯಿತು.

ಈಗ ಸಲಹೆಯ ವಿಷಯ. ಅವರು ತಕ್ಷಣ ಹೇಳಿದ್ದು, ಮುಂದಿನ ಭಾನುವಾರ ಸಭೆಯ ಮುಂದೆ ನಿಂತು ಸಾಕ್ಷಿ ಹೇಳಿ ಎಲ್ಲ ಒಪ್ಪಿಕೊಳ್ಳುತ್ತೇನೆ ಅಂತ. ನಾನು ಬೇಡ ಅಂದೆ, ಸ್ವಲ್ಪ ಗಟ್ಟಿಯಾಗಿಯೇ ಅಂದೆ. ಸಭೆಯ ಮುಂದೆ ಅತ್ತರೆ ಜನ ತಬ್ಬಿಕೊಳ್ಳುತ್ತಾರೆ, ಎಂಥ ದೀನತೆ ಅನ್ನುತ್ತಾರೆ, ಸಂಜೆಯೊಳಗೆ ತಂಗಿಗೆ ನಾಲ್ಕು ಜನ ಫೋನ್ ಮಾಡಿ ಅಣ್ಣನನ್ನು ಕ್ಷಮಿಸಿಬಿಡಮ್ಮ ಅನ್ನುತ್ತಾರೆ. ಮೋಸ ಹೋದವಳ ಮೇಲೆ ಇನ್ನೊಂದು ಭಾರ. ಮತ್ತಾಯ 5ರಲ್ಲಿ ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು ಅಂತ ಇದೆ. ಮೊದಲು ಅವಳ ಮನೆಗೆ.

ಹೋದಾಗ ಏನು ಹೇಳಬೇಕು ಅಂತ ಇಬ್ಬರೂ ಕೂತು ಬರೆದೆವು. ನಾನು ನಿನಗೆ ಸುಳ್ಳು ಹೇಳಿ ಸಹಿ ತೆಗೆದುಕೊಂಡೆ. ಅದು ಖಾತೆ ಪತ್ರ ಅಲ್ಲ, ನಿನ್ನ ಪಾಲು ಬಿಡಿಸಿಕೊಂಡ ಪತ್ರ. ನಿನ್ನ ಅರ್ಧ ನಿನಗೆ ಕೊಡಲು ಬಂದಿದ್ದೇನೆ. ಅಷ್ಟೇ. "ಆವಾಗ ನನಗೆ ಸಾಲ ಇತ್ತು" ಅನ್ನುವುದು ಬೇಡ. ಅವಳ ಮುಂದೆ ವಚನ ಹೇಳುವುದು ಬೇಡ. ಕ್ಷಮಿಸು ಅಂತ ಕೇಳಬಹುದು, ಆದರೆ ಅಲ್ಲೇ ಕೂತು ಉತ್ತರಕ್ಕೆ ಕಾಯುವುದು ಬೇಡ, ನೀನೂ ವಿಶ್ವಾಸಿ ಅಲ್ವಾ ಅನ್ನುವುದಂತೂ ಬೇಡವೇ ಬೇಡ. ಕ್ಷಮೆ ಅವಳು ಕೊಟ್ಟಾಗ ಸಿಗುತ್ತದೆ, ಕೊಡದಿದ್ದರೂ ಪಾಲು ಅವಳದ್ದೇ.

ಹೋಗುವ ಮುಂಚೆ ಲೆಕ್ಕ ಮಾಡಿ ಅಂದೆ, ಯಾಕೆಂದರೆ ಬರೀ ಕೈಯಲ್ಲಿ ಹೋದ ಪಶ್ಚಾತ್ತಾಪ ಚಹಾ ಕುಡಿದು ವಾಪಸ್ ಬಂದುಬಿಡುತ್ತದೆ. ಅಂಗಡಿ ಬಾಡಿಗೆ ತಿಂಗಳಿಗೆ ಸರಾಸರಿ 9,000 ರೂಪಾಯಿ. ಏಳು ವರ್ಷಕ್ಕೆ 7,56,000. ಅದರ ಅರ್ಧ 3,78,000. "ಐದನೇ ಒಂದು ಪಾಲೂ ಸೇರಿಸ್ಬೇಕೇನ್ರಿ?" ಅಂದರು. ಅದು ಇಸ್ರಾಯೇಲ್ಯರಿಗೆ ಕೊಟ್ಟ ನಿಯಮ, ನಿಮ್ಮ ಮೇಲೆ ಹೊರಿಸಲು ನಾನು ಯಾರೂ ಅಲ್ಲ, ಆದರೆ ಏಳು ವರ್ಷ ತನ್ನದು ತನಗೆ ಸಿಗದೆ ಇದ್ದವಳಿಗೆ ಬರೀ ಅವಳದ್ದನ್ನೇ ತಡವಾಗಿ ಕೊಟ್ಟರೆ ಸರಿಹೋಯಿತಾ ಅಂತ ನೀವೇ ಯೋಚಿಸಿ ಅಂದೆ. 75,600 ಅಂತ ಅವರೇ ಬರೆದು ಕೂಡಿಸಿದರು. 4,53,600. ಮನೆಯ ಅರ್ಧ ಪಾಲಿನ ಕಾಗದಪತ್ರಕ್ಕೆ ವಕೀಲರನ್ನು ಕಾಣಲು ಹೇಳಿದೆ, ಅದು ನನ್ನ ಕೆಲಸ ಅಲ್ಲ. ತಂಗಿ ಬೇರೆ ವಕೀಲರನ್ನು ಇಟ್ಟುಕೊಳ್ಳಲಿ, ಆ ಫೀಸು ನೀವು ಕೊಡಿ ಅಂತಲೂ ಹೇಳಿದೆ. ಈ ಸಲ ಅವಳು ಓದಿ ಸಹಿ ಹಾಕಬೇಕು.

ಪಾಲು ವಾಪಸ್ ಕೊಡುವ ವಿಷಯ ಹೆಂಡತಿಗೆ ಮೊದಲೇ ಹೇಳಿ ಅಂದಿದ್ದೆ. ಅದು ಸುಲಭ ಆಗಲಿಲ್ಲ. ಆ ಬಾಡಿಗೆ ದುಡ್ಡು ಮಗಳ ಓದಿಗೆ ಹೋಗುತ್ತಿತ್ತು. ಆಕೆಯ ಸಿಟ್ಟು ನ್ಯಾಯವಿಲ್ಲದ್ದು ಅಂತ ನಾನು ಹೇಳಲಾರೆ. ಗಂಡನ ಮನಸ್ಸಾಕ್ಷಿ ಎಚ್ಚರವಾದ ಬೆಲೆಯನ್ನು ಮನೆಯವರೆಲ್ಲ ಕಟ್ಟಬೇಕಾಗಿ ಬಂದಾಗ ಅವರ ಜೊತೆಯೂ ಯಾರಾದರೂ ಕೂರಬೇಕು.

ಒಂದು ಶನಿವಾರ ಅವರು ತಂಗಿಯ ಊರಿಗೆ ಹೋದರು. ಬರೆದುಕೊಂಡಿದ್ದನ್ನು ಹೇಳಿದರು. ಅವಳು ಕೇಳಿಸಿಕೊಂಡಳು. "ವೈನಿಗೆ ಗೊತ್ತಿತ್ತೇನು?" ಅಂದಳು. ಗೊತ್ತಿತ್ತು ಅಂದರು. ಒಳಗೆ ಹೋದಳು, ಬಹಳ ಹೊತ್ತಿನ ಮೇಲೆ ಹೊರಗೆ ಬಂದಳು.

"ನನಗ ಎರಡನೇ ವರ್ಷಾನ ಗೊತ್ತಾತಣ್ಣಾ. ನೀ ಹೇಳ್ತಿಯೇನಂತ ನೋಡಿದೆ. ದಿನಾ ಮುಂಜಾನೆ ನಿನ್ನ ವಚನ ಬರ್ತಿತ್ತು. ಓದಲಾರದ ಅಳಿಸ್ತಿದ್ದೆ."

ಇದನ್ನು ನನಗೆ ಹೇಳುವಾಗ ಅವರಿಗೆ ದನಿ ಬರಲಿಲ್ಲ. ನನಗೂ ಮಾತು ಹೊರಡಲಿಲ್ಲ.

ಇದಾಗಿ ನಾಲ್ಕು ತಿಂಗಳಾಯಿತು. ಬಾಡಿಗೆಯ ಅರ್ಧ ಪ್ರತಿ ತಿಂಗಳು 5ನೇ ತಾರೀಕಿನೊಳಗೆ ತಂಗಿಯ ಖಾತೆಗೆ ಹೋಗುತ್ತಿದೆ. ಹಳೆಯ ಬಾಕಿಯಲ್ಲಿ ಒಂದು ಲಕ್ಷ ಕೊಟ್ಟಿದ್ದಾರೆ, ಉಳಿದದ್ದಕ್ಕೆ ಕಂತು. ಮನೆಯ ಕಾಗದ ವಕೀಲರ ಹತ್ತಿರ ಇದೆ. ಬೆಳಗಿನ ವಚನ ಕಳಿಸುವುದನ್ನು ಅವರೇ ನಿಲ್ಲಿಸಿದ್ದಾರೆ, ನಾನು ಹೇಳಿರಲಿಲ್ಲ. ಸಭಾಪಾಲಕರಿಗೆ ವಿಷಯ ತಿಳಿಸಿ ಹಿರಿಯರ ಜಾಗದಿಂದ ಒಂದು ವರ್ಷ ಕೆಳಗಿಳಿದಿದ್ದಾರೆ. ನಿದ್ದೆ ಈಗ ಐದರವರೆಗೆ ಬರುತ್ತದಂತೆ. ಓದು ಹೇಗಿದೆ ಅಂತ ಕೇಳಿದೆ. "ಸ್ವಲ್ಪ ಸ್ವಲ್ಪ ಓದ್ತೀನ್ರಿ, ಯಾವುದೂ ದಾಟಂಗಿಲ್ಲ" ಅಂದರು.

ತಂಗಿ ಇನ್ನೂ ಆ ಮನೆಗೆ ಬಂದಿಲ್ಲ. ಮುಂದಿನ ಗುರುವಾರ ಅವರ ಹೆಂಡತಿ ಒಬ್ಬರೇ ನನ್ನನ್ನು ನೋಡಲು ಬರುತ್ತೇನೆ ಅಂದಿದ್ದಾರೆ.